ಕೆಂಪು ಬಣ್ಣಕ್ಕೆಷ್ಟು, ಬ್ರೇಕಿಗೆಷ್ಟು?

ಕಾರು ಕಂಪನಿಗಳಲ್ಲಿ ವೇರಿಯಂಟ್ ಪಟ್ಟಿ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯರೆ,

ನಿಮ್ಮ ಪರಿಚಯ ನನಗಿಲ್ಲ. ಪುಣೆಯಲ್ಲೋ ಚೆನ್ನೈಯಲ್ಲೋ ಗುರುಗ್ರಾಮದಲ್ಲೋ ಕುಳಿತು, ಯಾವ ಕಾರಿಗೆ ಯಾವ ಭಾಗ, ಯಾವ ವೇರಿಯಂಟಿಗೆ ಎಷ್ಟು ಬೆಲೆ ಎಂದು ಪಟ್ಟಿ ಮಾಡುವವರು ನೀವು. ಬ್ರೋಷರಿನಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಆದರೂ ಘಾಟಿಯ ತಿರುವಿನಲ್ಲಿ ಒಂದು ಕಾರು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಓಡಿಸುವವರ ಜೊತೆ ನಿಮ್ಮದೂ ಒಂದು ಪಾಲಿದೆ. ಅದಕ್ಕೇ ಈ ಪತ್ರ.

ಹೋದ ತಿಂಗಳು ಅಕ್ಕನ ಮಗನ ಜೊತೆ ಶೋರೂಮಿಗೆ ಹೋಗಿದ್ದೆ. ಅವನ ಮೊದಲ ಕಾರು, ಐದು ವರ್ಷದ ಸಾಲ. ಸಾಮಾನ್ಯ ಟರ್ಬೊ ವೇರಿಯಂಟಿಗಿಂತ ಅದರ ಸ್ಪೋರ್ಟಿ ಅವತಾರಕ್ಕೆ ಸುಮಾರು ಒಂದೂವರೆ ಲಕ್ಷ ಜಾಸ್ತಿ. ಅಲ್ಲಿದ್ದ ಹುಡುಗ ಅಕ್ಕರೆಯಿಂದಲೇ ತೋರಿಸಿದ: ಸೀಟಿಗೆ ಕೆಂಪು ಹೊಲಿಗೆ, ಹಿಂದೆ ಸ್ಪಾಯ್ಲರ್, ಸೈಲೆನ್ಸರಿಗೆ ಎರಡು ಬಾಯಿ, ಚಕ್ರದ ಸಂದಿಯಲ್ಲಿ ಹೊಳೆಯುವ ಕೆಂಪು ಕ್ಯಾಲಿಪರ್. ನಾನು ಕೇಳಿದೆ: "ಈ ಕ್ಯಾಲಿಪರ್ ದೊಡ್ಡದೇನಪ್ಪ, ಅಥವಾ ಮಾಮೂಲಿಯದಕ್ಕೇ ಬಣ್ಣ ಬಳಿದಿದ್ದಾರಾ? ಡಿಸ್ಕ್ ಅಗಲ ಆಗಿದೆಯಾ?" ಅವನಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ವಿಚಾರಿಸಿ ಬಂದ. ಒಳಗಿದ್ದವರಿಗೂ ಗೊತ್ತಿರಲಿಲ್ಲ. ಅವನದೇನೂ ತಪ್ಪಿಲ್ಲ. ಕೈಗೆ ಕೊಟ್ಟ ಹಾಳೆಯಲ್ಲಿ ಇರದ ಸಂಗತಿಯನ್ನು ಅವನು ಹೇಗೆ ಹೇಳಿಯಾನು?

ಹೊರಗೆ ಬಂದ ಮೇಲೆ ಅಳಿಯ ಕೇಳಿದ, "ಮಾಮ, ಈ ಒಂದೂವರೆ ಲಕ್ಷ ಕೊಡೋದಾ, ಬೇಡ್ವಾ?" ಅವನಿಗೆ ಹೇಳಿದ ಉತ್ತರವನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಉತ್ತರದ ಅರ್ಧ ಭಾಗ ನಿಮ್ಮ ಕೈಯಲ್ಲಿದೆ.

ಈ ಪ್ರಶ್ನೆ ನನಗೆ ಹುಟ್ಟಿದ್ದು ಚಾರ್ಮಾಡಿಯಲ್ಲಿ. ಇಪ್ಪತ್ತು ವರ್ಷದ ಹಿಂದೆ ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು, ಧರ್ಮಸ್ಥಳಕ್ಕೆಂದು ಇಳಿಯುತ್ತಿದ್ದೆವು. ಸೆಕೆಂಡ್ ಹ್ಯಾಂಡ್ ಕಾರು, ಎಂಜಿನ್ ಚುರುಕು, ಒಳಗೆ ನಾಲ್ಕು ಜನ, ಡಿಕ್ಕಿಯ ತುಂಬ ಸಾಮಾನು. ನಾಲ್ಕನೇ ಗೇರಿನಲ್ಲಿ, ಕಾಲನ್ನು ಬ್ರೇಕಿನ ಮೇಲಿಟ್ಟೇ ಇಳಿದೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಹತ್ತಿಯ ಮೂಟೆ ಒತ್ತಿದ ಹಾಗೆ ಒಳಗೆ ಹೋಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ತಾಗಿಸಿ ನಿಲ್ಲಿಸಿದೆ. ಅಮ್ಮ ಹಿಂದಿನ ಸೀಟಿನಲ್ಲಿ ಮಂಜುನಾಥನ ಹೆಸರು ಹೇಳುತ್ತಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ.

ಉಜಿರೆಯ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: ಬ್ರೇಕ್ ಆಯಿಲ್ ಕುದಿದಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದಾಗ ಏಳುವ ಆವಿಯ ಗುಳ್ಳೆ ಕಾಲಿನ ಒತ್ತಡವನ್ನು ನುಂಗಿಬಿಡುತ್ತದೆ. ನನ್ನ ಕಾರಿನ ಆಯಿಲ್ ವರ್ಷಗಟ್ಟಲೆ ಬದಲಾಗಿರಲಿಲ್ಲ.

ಆಮೇಲೊಂದು ದಿನ ಕುಳಿತು ಲೆಕ್ಕ ಹಾಕಿದೆ. 600 ಮೀಟರ್ ಎತ್ತರದಿಂದ ಒಂದು ಕಾರು ಇಳಿಯುವಾಗ ಕರಗಿಸಬೇಕಾದ ಶಕ್ತಿ, ಅದೇ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ 15 ಬಾರಿ ಪೂರ್ತಿ ನಿಲ್ಲಿಸಿದಷ್ಟು. ಗಾಳಿ, ಟೈರು ಒಂದಷ್ಟನ್ನು ತಿನ್ನುತ್ತವೆ. ಚಿಕ್ಕ ಗೇರಿನಲ್ಲಿ ಇಳಿದರೆ ಎಂಜಿನ್ ಒಳ್ಳೆಯ ಪಾಲು ಹೊರುತ್ತದೆ. ಉಳಿದದ್ದೆಲ್ಲ ಊಟದ ತಟ್ಟೆಯಗಲದ ಡಿಸ್ಕುಗಳ ಪಾಲು. ಡಿಸ್ಕ್ ದೊಡ್ಡದಾದರೆ ಶಾಖ ಹಂಚಿಹೋಗಲು ಕಬ್ಬಿಣ ಜಾಸ್ತಿ ಸಿಗುತ್ತದೆ. ಕೆಂಪು ಬಣ್ಣ ಒಂದು ಡಿಗ್ರಿಯನ್ನೂ ಇಳಿಸುವುದಿಲ್ಲ.

ಕಂಪನಿಯೇ ಜೋಡಿಸಿ ಮಾರುವ ಹಳೆಯ ಪರ್ಫಾರ್ಮೆನ್ಸ್ ಪ್ಯಾಕೇಜುಗಳ ಹಿಂದೆ ಇದ್ದದ್ದೂ ಇಂಥದೇ ಚಿಂತೆ. 1963ರಲ್ಲಿ ಶೆವರ್ಲೆಯ ಎಂಜಿನಿಯರ್ ಜೋರಾ ಆರ್ಕಸ್ ಡಂಟೋವ್ ಕಾರ್ವೆಟ್‌ಗೆ ಜೆಡ್06 ಎಂಬ ಆಯ್ಕೆಯನ್ನು ತಂದರು. ಅದರ ಆರಂಭದ ಬೆಲೆ 1,818 ಡಾಲರ್. ಕೂಪೆ ಕಾರಿನ ಬೆಲೆಯೇ 4,257 ಡಾಲರ್ ಇದ್ದ ಕಾಲ. ಅದರಲ್ಲಿದ್ದ 360 ಅಶ್ವಶಕ್ತಿಯ ಎಂಜಿನ್ ಬೇರೆ ಕಾರ್ವೆಟ್‌ಗಳಿಗೂ ಸಿಗುತ್ತಿತ್ತು. ಹೆಚ್ಚಿನ ಹಣ ಹೋದದ್ದು ದೊಡ್ಡ ಬ್ರೇಕು, ಬಿಗಿ ಸಸ್ಪೆನ್ಷನ್, ದೀರ್ಘ ರೇಸುಗಳಿಗೆ ಬೇಕಾದ ದೊಡ್ಡ ಇಂಧನ ಟ್ಯಾಂಕಿಗೆ. 1988ರಲ್ಲಿ ಕಮಾರೊಗೆ ಬಂದ 1ಎಲ್‌ಇ ಆಯ್ಕೆಯೂ ಹಾಗೆಯೇ. ರೇಸಿನಲ್ಲಿ ಕಮಾರೊಗಳ ಬ್ರೇಕ್ ಕಾಯುತ್ತಿತ್ತು. ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆಗೆ ವಾಲಿ ಎಂಜಿನ್‌ಗೆ ಸಿಗದೆ ಹೋಗುತ್ತಿತ್ತು. ಅದಕ್ಕೆ ದೊಡ್ಡ ಬ್ರೇಕು, ಒಳಗೆ ತಡೆಗಳಿರುವ ಟ್ಯಾಂಕು. ಬ್ರೋಷರಿನಲ್ಲಿ ಹೆಸರಿರಲಿಲ್ಲ, ಮೈಮೇಲೆ ಬ್ಯಾಡ್ಜ್ ಇರಲಿಲ್ಲ. ಬೇಕಾದವರು ಕೇಳಿ ಪಡೆದರು.

ಈ ವಂಶ ಅಳಿದಿಲ್ಲ. 2020ರ ಕಾರ್ವೆಟ್‌ನ ಜೆಡ್51 ಪ್ಯಾಕೇಜಿಗೆ 5,000 ಡಾಲರ್. ಎಂಜಿನ್ ಶಕ್ತಿ 490ರಿಂದ 495ಕ್ಕೆ ಏರುತ್ತದೆ. ಒಂದು ಅಶ್ವಶಕ್ತಿಗೆ ಸಾವಿರ ಡಾಲರ್ ಎಂದು ಲೆಕ್ಕ ಹಾಕಿದವರು ಅದನ್ನು ದುಬಾರಿ ಎಂದರು. ಆ ಲೆಕ್ಕದಲ್ಲಿ ಹೆಚ್ಚುವರಿ ಕೂಲಿಂಗ್, ದೊಡ್ಡ ಬ್ರೇಕು, ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಒಳ್ಳೆಯ ಹಿಡಿತದ ಟೈರು ಎಲ್ಲವೂ ಬಿಟ್ಟುಹೋಗಿದ್ದವು. ಹ್ಯುಂಡೈ ವೆಲೋಸ್ಟರ್ ಎನ್ ಅಮೆರಿಕಕ್ಕೆ ಬಂದಾಗ 2,100 ಡಾಲರಿಗೆ ಶಕ್ತಿ 250ರಿಂದ 275ಕ್ಕೆ ಏರುತ್ತಿತ್ತು. ಜೊತೆಗೆ ದೊಡ್ಡ ಬ್ರೇಕು, ಅಂಥದೇ ಡಿಫರೆನ್ಷಿಯಲ್, 19 ಇಂಚಿನ ಚಕ್ರ. ಇವನ್ನು ಬಿಡಿಬಿಡಿಯಾಗಿ ಕೊಂಡು, ಕೂಲಿ ಕೊಟ್ಟು ಹಾಕಿಸಲು ಹೊರಟರೆ ಆ ಹಣ ಎಲ್ಲಿಗೂ ಸಾಲದು. 2021ರಲ್ಲಿ ಕಂಪನಿ ಅದನ್ನು ಅಮೆರಿಕದ ಎಲ್ಲ ವೆಲೋಸ್ಟರ್ ಎನ್ ಕಾರುಗಳಿಗೂ ಕಡ್ಡಾಯವಾಗಿ ಕೊಟ್ಟಿತು. ಏಳನೇ ತಲೆಮಾರಿನ ಗಾಲ್ಫ್ ಜಿಟಿಐನಲ್ಲಿ 1,495 ಡಾಲರಿಗೆ ಸಿಕ್ಕ ಹೆಚ್ಚಿನ ಅಶ್ವಶಕ್ತಿ ಬರೀ ಹತ್ತು. ಆದರೆ ಅದರ ಜೊತೆ ಬಂದ ಡಿಫರೆನ್ಷಿಯಲ್, ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ಸುತ್ತುವುದನ್ನು ತಡೆದು, ಹೊರಗಿನ ಚಕ್ರಕ್ಕೆ ಬಲ ದಾಟಿಸುತ್ತಿತ್ತು. ಅಂಥದ್ದನ್ನು ಆಮೇಲೆ ಗ್ಯಾರೇಜಿನಲ್ಲಿ ಹಾಕಿಸುವುದೆಂದರೆ ಗೇರ್‌ಬಾಕ್ಸ್ ಬಿಚ್ಚಿದ ಹಾಗೆ.

ಪೋಲ್‌ಸ್ಟಾರ್ 2 ಕಾರಿನ ಪರ್ಫಾರ್ಮೆನ್ಸ್ ಪ್ಯಾಕ್ ಕೆಲಸ ಮಾಡುವ ಭಾಗ, ಬರೀ ಕಾಣುವ ಭಾಗ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಅಮೆರಿಕದಲ್ಲಿ ಆರಂಭದ ಬೆಲೆ 5,000 ಡಾಲರ್. ಅದರಲ್ಲಿ ಬ್ರೆಂಬೊ ಬ್ರೇಕಿದೆ, ಕೈಯಿಂದ ತಿರುಗಿಸಿ ಬಿಗಿ ಹೆಚ್ಚು ಕಡಿಮೆ ಮಾಡಬಹುದಾದ ಓಲಿನ್ಸ್ ಶಾಕ್ ಅಬ್ಸಾರ್ಬರ್ ಇದೆ, ಚಿನ್ನದ ಬಣ್ಣದ ಸೀಟ್ ಬೆಲ್ಟೂ ಇದೆ. ಆ ತಿರುಪನ್ನು ಒಮ್ಮೆಯಾದರೂ ತಿರುಗಿಸಿದವರಿಗೆ ಹಣ ಸಾರ್ಥಕ. ತಿರುಗಿಸದವರು ಬಹುಮಟ್ಟಿಗೆ ಬೆಲ್ಟು ಕೊಂಡಂತೆ.

ಕಂಪನಿಯೇ ಜೋಡಿಸಿದ ಪ್ಯಾಕೇಜಿನ ಮೌಲ್ಯ ನಮ್ಮ ದೇಶದಲ್ಲಿ ಇನ್ನೂ ಹೆಚ್ಚು. ನಿಮ್ಮ ಎಂಜಿನಿಯರುಗಳು ದೊಡ್ಡ ಬ್ರೇಕಿಗೆ ತಕ್ಕಂತೆ ಎಬಿಎಸ್ ಮತ್ತು ಇಎಸ್‌ಪಿಯನ್ನು ಹೊಂದಿಸಿರುತ್ತಾರೆ; ಬೀದಿಯ ಗ್ಯಾರೇಜಿಗೆ ಆ ಸೌಲಭ್ಯವಿಲ್ಲ. ವಾರಂಟಿ ಉಳಿಯುತ್ತದೆ. ಇನ್ನು ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. ಅಂದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ್ದನ್ನು ನಾವು ಆಮೇಲೆ ಹಾಕಿಸುವ ದಾರಿ ಬಹಳ ಕಿರಿದು. ಕ್ಲೇಮಿನ ಹೊತ್ತಿಗೆ ವಿಮೆಯವರೂ ಅದೇ ಪ್ರಶ್ನೆ ಎತ್ತುತ್ತಾರೆ. ಆದ್ದರಿಂದಲೇ ನಿಮ್ಮ ಪಟ್ಟಿಯ ಮೇಲೆ ನಮಗಿಷ್ಟು ಆಸೆ.

ಎಲ್ಲ ಪ್ಯಾಕೇಜೂ ಎಲ್ಲ ಊರಿಗೂ ಹೊಂದುವುದಿಲ್ಲ ಎನ್ನುವುದೂ ನಿಜ. 2018ರ ಮಸ್ಟಾಂಗ್ ಜಿಟಿಗೆ ಬಂದ ಎರಡನೇ ಹಂತದ ಪರ್ಫಾರ್ಮೆನ್ಸ್ ಪ್ಯಾಕಿಗೆ 6,500 ಡಾಲರ್. ಅದರ ಟೈರು 305 ಮಿ.ಮೀ. ಅಗಲದ ಮಿಶಲಿನ್ ಕಪ್ 2. ಒಣಗಿದ ಟ್ರ್ಯಾಕಿನಲ್ಲಿ ಅದು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಗೀರುಗಳು ಆಳವಿಲ್ಲದ ಅದೇ ಟೈರನ್ನು ಆಗುಂಬೆಯ ಆಷಾಢಕ್ಕೆ ತಂದರೆ ನೀರಿನ ಮೇಲೆ ತೇಲುತ್ತದೆ. ತೆಳು ಟೈರಿನ 19 ಇಂಚಿನ ಚಕ್ರ ಬೆಂಗಳೂರಿನ ಒಂದೇ ಗುಂಡಿಯಲ್ಲಿ ರಿಮ್ ಬಗ್ಗಿಸಿಕೊಳ್ಳಬಹುದು. ಟ್ರ್ಯಾಕಿನಲ್ಲಿ ಓಡಿಸುವ ಆಸೆಯಿದ್ದವರು ಇಲ್ಲಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರೆ. ಅವರಿಗೆ ಬಿಗಿ ಸಸ್ಪೆನ್ಷನ್ ಬೇಕು. ದಿನಾ ವೈಟ್‌ಫೀಲ್ಡಿಗೆ ಹೋಗಿ ಬರುವ ನನ್ನ ಅಳಿಯನಿಗೆ ಬೇಡ. ಆದರೆ ಬ್ರೇಕು, ಟೈರಿನ ಹಿಡಿತ, ಎಂಜಿನ್ ತಂಪು ಇಬ್ಬರಿಗೂ ಬೇಕು.

ಇತ್ತೀಚೆಗೆ ಇನ್ನೊಂದು ಬಗೆ ಬಂದಿದೆ. 2022ರಲ್ಲಿ ಮರ್ಸಿಡಿಸ್ ಅಮೆರಿಕದಲ್ಲಿ ತನ್ನ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ವರ್ಷಕ್ಕೆ 1,200 ಡಾಲರಿಗೆ ಹೆಚ್ಚಿನ ವೇಗೋತ್ಕರ್ಷ ಕೊಡುವುದಾಗಿ ಹೇಳಿತು. ಮೋಟರು ಅದೇ, ಬ್ಯಾಟರಿ ಅದೇ. ತೆರೆದುಕೊಳ್ಳುವುದು ಸಾಫ್ಟ್‌ವೇರಿನ ಬೀಗ. ದಯವಿಟ್ಟು ಈ ದಾರಿಯನ್ನು ಇಲ್ಲಿಗೆ ತರಬೇಡಿ. ಮನೆಯ ಬಾವಿಯಲ್ಲೇ ಇರುವ ನೀರಿಗೆ ಪ್ರತಿ ವರ್ಷ ಕಂದಾಯ ಕಟ್ಟಿಸಿದ ಹಾಗಾಗುತ್ತದೆ.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2017ರಲ್ಲಿ ಮಾರುತಿ ಬಲೆನೊ ಆರ್‌ಎಸ್ ತಂದಿತು: 102 ಪಿಎಸ್ ಶಕ್ತಿಯ ಟರ್ಬೊ, ಹಿಂದೆಯೂ ಡಿಸ್ಕ್ ಬ್ರೇಕ್. 2018ರಲ್ಲಿ ಟಾಟಾ ಮೋಟಾರ್ಸ್ ಕೊಯಮತ್ತೂರಿನ ಜಯೆಮ್ ಜೊತೆ ಸೇರಿ ಟಿಯಾಗೊ ಜೆಟಿಪಿ ತಂದಿತು. 114 ಪಿಎಸ್, ತಗ್ಗಿಸಿದ ಬಿಗಿ ಸಸ್ಪೆನ್ಷನ್, ಬೆಲೆ 6.39 ಲಕ್ಷ. ಎರಡೂ ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ನಿಂತುಹೋದವು. ಒಳಗಿನ ಸತ್ವಕ್ಕೆ ಹಣ ಕೊಡುವವರು ಕಡಿಮೆ, ಸನ್‌ರೂಫಿಗೆ ಕೊಡುವವರು ಜಾಸ್ತಿ ಎಂದು ನೀವು ಲೆಕ್ಕ ಹಾಕಿದ್ದರೆ, ಆ ಲೆಕ್ಕ ಕಲಿಸಿದವರು ನಾವೇ. ಆದರೂ 2021ರಲ್ಲಿ ಹ್ಯುಂಡೈ ಐ20 ಎನ್ ಲೈನ್ ತಂದಾಗ, ಎಂಜಿನ್ ಶಕ್ತಿ ಹೆಚ್ಚಿಸದಿದ್ದರೂ ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೊಟ್ಟು, ಸಸ್ಪೆನ್ಷನ್ ಬಿಗಿಗೊಳಿಸಿ, ಸ್ಟೀರಿಂಗ್ ಹೊಂದಿಸಿತು. ಅಂದರೆ ಕೆಂಪು ಹೊಲಿಗೆಯ ಜೊತೆಗೇ ನಿಜವಾದ ಕೆಲಸವನ್ನೂ ಮಾಡಲು ಬರುತ್ತದೆ. ಅದನ್ನು ಕೊಳ್ಳುವವರಿಗೆ ಬಿಡಿಸಿ ಹೇಳುವುದಷ್ಟೇ ಬಾಕಿ.

ಹಾಗಾಗಿ ನಿಮ್ಮಲ್ಲಿ ಮೂರು ಬಿನ್ನಹ.

ಒಂದು, ಸ್ಪೋರ್ಟಿ ವೇರಿಯಂಟಿನ ಹಾಳೆಯಲ್ಲಿ ಎರಡು ಅಂಕಣ ಮಾಡಿ. ಕಾಣುವ ಭಾಗಗಳು ಒಂದರಲ್ಲಿ, ಕೆಲಸ ಮಾಡುವ ಭಾಗಗಳು ಇನ್ನೊಂದರಲ್ಲಿ. ಡಿಸ್ಕಿನ ಅಗಲ ಎಷ್ಟು ಮಿಲಿಮೀಟರು, ಟೈರು ಯಾವುದು, ಕೂಲಿಂಗ್‌ನಲ್ಲಿ ಏನು ಬದಲಾಗಿದೆ, ಎಲ್ಲವೂ ಅಂಕಿಯಲ್ಲಿರಲಿ.

ಎರಡು, ಬ್ರೇಕು ಮತ್ತು ಟೈರನ್ನು ಟಾಪ್ ಎಂಡ್ ವೇರಿಯಂಟಿನ ಸನ್‌ರೂಫಿಗೆ ಗಂಟು ಹಾಕಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಬೇಡದ ಪ್ರತಿ ಅಲಂಕಾರಕ್ಕೂ ನಾವು ಸರ್ಕಾರಕ್ಕೆ ಇನ್ನೊಮ್ಮೆ ಹಣ ಕಟ್ಟುತ್ತೇವೆ.

ಮೂರು, ದೊಡ್ಡ ಬ್ರೇಕಿನ ಪ್ಯಾಡು, ಡಿಸ್ಕು, ಟೈರು ಸವೆದಾಗ ಬದಲಿಸಲು ಎಷ್ಟಾಗುತ್ತದೆ ಎಂದು ಮೊದಲೇ ಹೇಳಿ. ಕೊಳ್ಳುವ ದಿನದ ಬೆಲೆ ಬೆಲೆಯ ಒಂದು ಭಾಗ ಮಾತ್ರ.

ಅಳಿಯನಿಗೆ ನಾನು ಹೇಳಿದ್ದು ಇಷ್ಟು. ಆ ಒಂದೂವರೆ ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ನಿಲ್ಲಿಸುವ, ತಿರುಗಿಸುವ, ತಂಪು ಮಾಡುವ ಭಾಗಗಳಿಗೆ ಹೋಗಿದ್ದರೆ ಕಣ್ಣು ಮುಚ್ಚಿ ಕೊಡು; ಆಮೇಲೆ ಬೇಕೆಂದರೂ ಅವು ಸಿಗುವುದಿಲ್ಲ. ಹೋಗಿಲ್ಲವಾದರೆ ಅದೇ ಎಂಜಿನಿನ ಸಾಮಾನ್ಯ ವೇರಿಯಂಟ್ ತಗೋ. ಹಳೆಯ ಟೈರು ಸವೆದಾಗ ಅದೇ ಅಳತೆಯ ಒಳ್ಳೆಯ ಟೈರು ಹಾಕಿಸು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿ.

ಅವನು ಇನ್ನೂ ಬುಕ್ ಮಾಡಿಲ್ಲ. ಡಿಸ್ಕಿನ ಅಗಲ ಎಷ್ಟೆಂದು ಕೇಳಿ ಶೋರೂಮಿಗೆ ಬರೆದಿದ್ದಾನೆ, ಉತ್ತರ ಬಂದಿಲ್ಲ. ಕಾರು ಬಂದ ಮೊದಲ ವಾರವೇ ಅಜ್ಜಿಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದಾನೆ. ದಾರಿ ಚಾರ್ಮಾಡಿಯದೇ. ಹಿಂದಿನ ಸೀಟಿನಲ್ಲಿ ಕೂರುವವಳು ಅದೇ ನನ್ನ ಅಮ್ಮ.

ಇತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಗ್ರಾಹಕ