ಪದ ಹಿಡಿಯುವ ಕ್ರಮ

ಮೊದಲು ಹೊರಡುವ ಕಾಲ ಗೊತ್ತು ಮಾಡಿಕೊಳ್ಳಿ. ಗುಂಡ್ಲುಪೇಟೆ ಸೀಮೆಗಾದರೆ ಚೆಂಡುಹೂ ಬಿಡಿಸುವ ತಿಂಗಳೇ ಸರಿ. ಪದ ಬಲ್ಲ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ಹನ್ನೊಂದು ಗಂಟೆಗೆ ಊರೊಳಗೆ ಕಾರು ನಿಲ್ಲಿಸಿ. ಜಗಲಿಯ ಮೇಲೆ ಮಂಡಿನೋವಿನ ಒಬ್ಬ ಅಜ್ಜಿ ಸಿಗುತ್ತಾರೆ. ಒಬ್ಬರು ಸಾಕು. ಪ್ರಬಂಧದಲ್ಲಿ ಅವರನ್ನೇ ‘ಈ ಭಾಗದ ಮಹಿಳೆಯರು’ ಎಂದು ಬಹುವಚನ ಮಾಡಿಕೊಳ್ಳಿ.

ಹೊಲಕ್ಕೆ ಮಾತ್ರ ಹೋಗಬೇಡಿ. ಅಲ್ಲಿ ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿದುಬಿಡುತ್ತಾಳೆ, ಕೆಸರೂ ಇರುತ್ತದೆ. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ‘ಸತ್ತವರ ಮುಂದೆ ಹಾಡುವುದೊಂದು ಹೇಳಿ’ ಎನ್ನಿ. ‘ಬಾಳೋ ಮನಲಿ ಸಾವ್ನ ಪದವ ಏಳಕಾದದಾ ಮಗ?’ ಎಂದು ಅವರು ಬಸುರಿ ಮೊಮ್ಮಗಳ ಕಡೆ ಕಣ್ಣು ಹಾಯಿಸಿದರೆ, ಸಂಶೋಧನೆಗೆ ಶಾಸ್ತ್ರ ಅಂಟುವುದಿಲ್ಲವೆಂದು ತಿಳಿಹೇಳಿ. ಆಗಲೂ ಬಾಯಿ ಬಿಡದಿದ್ದರೆ ‘ಮರೆತಿದ್ದಾರೆ’ ಎಂದು ಗುರುತು ಹಾಕಿಕೊಳ್ಳಿ. ನಶಿಸುತ್ತಿರುವ ಪರಂಪರೆಯ ಬಗ್ಗೆ ಒಂದು ಅಧ್ಯಾಯಕ್ಕೆ ಅಷ್ಟು ಸಾಕು.

ಇನ್ನು ಮಂಟೇಸ್ವಾಮಿಯ ಪದ ಹಾಡುವ ನೀಲಗಾರರು. ಇವರೊಂದಿಗೆ ಎಚ್ಚರ. ತಂಬೂರಿ ಶ್ರುತಿ ಮಾಡಿ, ಗಗ್ಗರ, ದಮ್ಮಡಿ ಜೊತೆಗೂಡಿಸಿಕೊಂಡು ಧರೆಗೆ ದೊಡ್ಡವರನ್ನು ನೆನೆಯುವಷ್ಟರಲ್ಲೇ ನಿಮ್ಮ ಬ್ಯಾಟರಿ ಅರ್ಧ ಇಳಿದಿರುತ್ತದೆ. ಮಂಟೇಸ್ವಾಮಿ ಕಾವ್ಯ ಬೆಳಗಾಗುವ ತನಕದ್ದು. ‘ಎರಡೇ ನಿಮಿಷದಲ್ಲಿ ಹೇಳಿ, ಪದ ಬೇಡ, ಬರೀ ಕತೆ’ ಎಂದು ಮೊದಲೇ ಮಾತಾಡಿಕೊಳ್ಳಿ. ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯದಲ್ಲೂ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು ಸಾಲುಸಾಲಾಗಿವೆ. ಇದನ್ನೆಲ್ಲ ಕೂತು ಕೇಳಿ, ಬರೆದು, ಪಿ.ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ ಎಂದು ಅಚ್ಚು ಹಾಕಿಸಿದರು. ಅವರ ಹಾದಿ ಹಿಡಿಯಬೇಡಿ, ನಿದ್ದೆ ಕೆಡುತ್ತದೆ. ಬೀಸು ಕಂಸಾಳೆಯ ಮೂವತ್ತು ಸೆಕೆಂಡಿನ ವಿಡಿಯೊ ತೆಗೆದುಕೊಂಡು ಬನ್ನಿ. ಕಂಚಿನ ತಾಳ ತಿರುಗುವುದು ಚೆನ್ನಾಗಿ ಬರುತ್ತದೆ, ಕತೆ ಅದರಲ್ಲಿ ಕಾಣುವುದಿಲ್ಲ. ದೊಡ್ಡ ಧ್ವನಿಮುದ್ರಣವೇ ಬೇಕೆಂದರೆ ಚಿಕ್ಕಲ್ಲೂರು ಜಾತ್ರೆಯ ಚಂದ್ರಮಂಡಲದ ರಾತ್ರಿ ಹೋಗಿ ಜನರೇಟರ್ ಪಕ್ಕ ನಿಲ್ಲಿ.

ಬರಹಕ್ಕೆ ಇಳಿಸುವಾಗ ಭಾಷೆ ತಿದ್ದಿ. ಇಲ್ಲಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ: ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಕಂಡಲ್ಲೆಲ್ಲ ಹಕಾರ ಹಾಕುತ್ತ ಬನ್ನಿ. ಹಾಡಿನ ನಡುವೆ ‘ಅಕ್ಕಿ ಆರ್ತು’ ಎಂದು ಕೇಳಿಸಿತೆನ್ನಿ. ಹಸೆ ಮಣೆಯ ಮುಂದೆ ಹಾಡಿದ್ದಾದರೆ ಒಣಹಾಕಿದ ಅಕ್ಕಿಯೇ ಇರಬಹುದು. ಹಾಡಿದವರನ್ನು ಕೇಳಿದರೆ ಒಂದು ಕ್ಷಣದಲ್ಲಿ ಹೇಳಿಯಾರು. ಕೇಳಬೇಡಿ. ‘ಹಕ್ಕಿ ಹಾರಿತು’ ಎಂದು ಬರೆದು, ಹಕ್ಕಿಯೆಂದರೆ ಆತ್ಮ, ಹಾರುವುದೆಂದರೆ ಮುಕ್ತಿ ಎಂದು ಎರಡು ಪುಟ ವ್ಯಾಖ್ಯಾನ ಮಾಡಿ. ಇಂಥ ಅಧ್ಯಾಯಕ್ಕೇ ಪರೀಕ್ಷಕರು ತಲೆದೂಗುವುದು. (ನನ್ನದಕ್ಕೂ ತೂಗಿದರು.)

ಫೈಲಿಗೆ ಹೆಸರು ಕೊಡುವುದು ಸುಲಭ. ಚಾಮರಾಜನಗರ 1997ರಲ್ಲೇ ಬೇರೆ ಜಿಲ್ಲೆಯಾಗಿದೆ, ಆದರೂ ‘ಮೈಸೂರು ಕಡೆ 1’, ‘ಮೈಸೂರು ಕಡೆ 2’ ಎಂದರೆ ಯಾರೂ ಬೈಯುವುದಿಲ್ಲ. ಊರು, ತಾರೀಕು, ಯಾರಿಂದ ಕಲಿತದ್ದು ಎಂಬುದೆಲ್ಲ ನೆನಪಿನಲ್ಲಿ ಇರಲಿ. ರಕ್ಷಾಪುಟದಲ್ಲಿ ನಿಮ್ಮ ಹೆಸರು ದಪ್ಪಕ್ಷರದಲ್ಲಿ ಬರಲಿ. ಹಾಡಿದವರನ್ನು ‘ಓರ್ವ ವೃದ್ಧೆ’ ಎನ್ನಿ. ಗೌರವಧನದ ರಸೀದಿಗೆ ಮೊದಲು ಹೆಬ್ಬೆಟ್ಟು ಒತ್ತಿಸಿಕೊಂಡು, ಮೊತ್ತವನ್ನು ಆಮೇಲೆ ಮನೆಯಲ್ಲಿ ನಿಧಾನವಾಗಿ ತುಂಬಿ. ಕೈಗೆ ಒಂದು ಬಿಸ್ಕತ್ ಪೊಟ್ಟಣ ಕೊಡಿ.

ಹೊರಡುವಾಗ ಅಜ್ಜಿ ಕುರ್ಚಿಯಿಂದ ಇಳಿದು ಮತ್ತೆ ಜಗಲಿಯ ಮೇಲೆ ಕೂತು, ಬಿಸ್ಕತ್ತನ್ನು ಮರಿಮೊಮ್ಮಗನಿಗೆ ಕೊಟ್ಟು, ‘ನನ್ ದನಿಯ ಒಂದ್ಸಲ ಕೇಳುಸ್ತಿಯಾ ಮಗ?’ ಎನ್ನುತ್ತಾರೆ. ಎಲ್ಲರೂ ಹೀಗೇ ಕೇಳುತ್ತಾರೆ. ಚಾರ್ಜ್ ಇಲ್ಲ ಎನ್ನಿ.