ಶೇಠಜೀ ಬಂದರು, ಡಬ್ಬಿ ಮುಚ್ಚಿ

ಶೇಠಜೀ ಬರುವ ಸದ್ದು ಯಾರಿಗೂ ಕೇಳುವುದಿಲ್ಲ. ವ್ಯಾಪಾರದ ಪೇಢಿ ಅಂದರೆ ಲಕ್ಷ್ಮಿಯ ಜಾಗ ಎಂದು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಬಂದು ಕುರ್ಚಿಯ ಹಿಂದೆ ನಿಂತಿರುತ್ತಾರೆ. ಟ್ಯಾಲಿಯ ಲೆಕ್ಕದಲ್ಲಿ ಮುಳುಗಿದವನಿಗೆ ಮೊದಲು ಬಡೇಸೋಪಿನ ವಾಸನೆ ಬರುತ್ತದೆ, ಆಮೇಲೆ ಹೆಗಲ ಮೇಲೊಂದು ಕೈ, ಅದರ ಹಿಂದೆಯೇ ಪ್ರಶ್ನೆ: "ಹೆಂಡತಿಗೆ ಎಷ್ಟು ಸಂಬಳ?" ನಮ್ಮ ಸಂಬಳ ಕೇಳುವ ಅಗತ್ಯ ಅವರಿಗಿಲ್ಲ. ಕೊಡುವವರು ಅವರೇ, ಎಷ್ಟು ಕಡಿಮೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಅಹಮದಾಬಾದಿನ ರಾಯಪುರ ದರ್ವಾಜಾದ ಹೊರಗಿನ ಬಟ್ಟೆ ಮಾರುಕಟ್ಟೆ, ಸೂರತ್ತಿನ ರಿಂಗ್ ರೋಡಿನ ಸೀರೆ ಮಳಿಗೆ, ವಡೋದರಾದ ಮಕರಪುರಾ ಕೈಗಾರಿಕಾ ವಸಾಹತು, ಎಲ್ಲಿಗೆ ಹೋದರೂ ಈ ಶೇಠಜೀ ಸಿಗುತ್ತಾರೆ. ಹೆಸರು ಬೇರೆ, ವ್ಯಾಪಾರ ಬೇರೆ, ಬಡೇಸೋಪು ಮಾತ್ರ ಅದೇ. ದಾವಣಗೆರೆ ಕಡೆಯಿಂದ ಹೋದ ನನ್ನಂಥವರಿಗೆ ಅಹಮದಾಬಾದು ಮೊದಲ ನೋಟಕ್ಕೆ ಪರಿಚಯದ ಊರೇ ಅನ್ನಿಸುತ್ತದೆ. ಅದು ಕರ್ನಾಟಕದ ಮ್ಯಾಂಚೆಸ್ಟರ್, ಇದು ಭಾರತದ ಮ್ಯಾಂಚೆಸ್ಟರ್, ಎರಡೂ ಕಡೆ ಹಳೇ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಇಂಟರ್‌ವ್ಯೂನಲ್ಲಿ ಶೇಠಜೀ ಮಾರ್ಕ್ಸ್ ಕಾರ್ಡು ನೋಡುವುದಿಲ್ಲ. "ನಮ್ಮದು ಆಫೀಸಲ್ಲ ಭಾಯಿ, ಪರಿವಾರ" ಅನ್ನುತ್ತಾರೆ. ಆ ಮಾತಿಗೆ ಕರಗಿ ಸಂಬಳದ ಚೌಕಾಸಿಯನ್ನೇ ಮರೆತವರು ಬೇಕಾದಷ್ಟು ಮಂದಿ. ಪರಿವಾರದಲ್ಲಿ ಓವರ್‌ಟೈಮ್ ಇರುವುದಿಲ್ಲ ಎಂಬುದು ತಿಂಗಳ ಕೊನೆಗೆ ತಿಳಿಯುತ್ತದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಪರಿವಾರದ ಯಜಮಾನರ ತಪಾಸಣೆ. ಒಂದೊಂದೇ ಡಬ್ಬಿಯ ಮುಚ್ಚಳ ಎತ್ತುತ್ತಾರೆ. ಚಾತುರ್ಮಾಸದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟುವವರಲ್ಲ, ಆದರೆ ಮೂಸುವುದಕ್ಕೆ ವ್ರತ ಅಡ್ಡ ಬರುವುದಿಲ್ಲ. ಒಮ್ಮೆ ನನ್ನ ಸಾರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಗಂಭೀರರಾದರು. ಬೇಳೆಗೆ ಬೆಲ್ಲವೇ ಬಿದ್ದಿಲ್ಲ! "ಮನೆಯಲ್ಲಿ ಏನಾದರೂ ತೊಂದರೆಯೇ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಮರುದಿನ ಪ್ಯೂನ್ ಬಂದು ನನ್ನ ಮೇಜಿನ ಮೇಲೆ, ಇನ್‌ವಾಯ್ಸುಗಳ ನಡುವೆ, ಒಂದು ಅಚ್ಚು ಬೆಲ್ಲ ಇಟ್ಟು ಹೋದ.

ಇಂಥವರ ಮೇಲೆ ದೂರು ಕೊಡುವುದು ಹೇಗೆ? ನಮ್ಮ ಡಿಸ್ಪ್ಯಾಚ್ ಗುಮಾಸ್ತರಿಗೆ ಮೂಲವ್ಯಾಧಿಯ ಆಪರೇಷನ್ ಆದಾಗ ರಾತ್ರಿ ಒಂದು ಗಂಟೆಗೆ ಆಸ್ಪತ್ರೆಗೆ ಬಂದು, ಯಾವ ಕಾಗದಕ್ಕೂ ಸಹಿ ಕೇಳದೆ ಅಡ್ವಾನ್ಸ್ ಕಟ್ಟಿದವರು ಶೇಠಜೀ. ಆಪರೇಷನ್ ಯಾವುದು, ಎಲ್ಲಿ, ಎಷ್ಟು ಹೊಲಿಗೆ ಎಂಬುದನ್ನು ಮಾರುಕಟ್ಟೆಗೆಲ್ಲ ಹೇಳಿದವರೂ ಅವರೇ. ಸೂರತ್ತಿನ ಪಾರ್ಟಿಗಳು ಬಾಕಿ ಹಣದ ವಿಷಯ ಬಿಟ್ಟು "ಈಗ ಕೂರೋಕಾಗುತ್ತಾ?" ಎಂದು ಫೋನಿನಲ್ಲಿ ವಿಚಾರಿಸಿದರು. ಉಪಕಾರ ಮಾಡಿದವನಿಗೆ ಊರಿಗೆಲ್ಲ ಸಾರುವ ಹಕ್ಕೂ ಬರುತ್ತದೆಯೇ? ಬರುವುದಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಅಡ್ವಾನ್ಸ್ ಕಟ್ಟಿದ್ದು ನಾನಲ್ಲವಲ್ಲ.

ಬಿಲ್ಲಿಂಗ್ ನೋಡುವ ಬೆನ್, ಅಂದರೆ ಅಕ್ಕ, ಒಬ್ಬರಿದ್ದಾರೆ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಶೇಠಜೀ ಅವರಿಗೆ ವೈದ್ಯರೊಬ್ಬರ ನಂಬರು ಬರೆದುಕೊಟ್ಟರು, ಅದೂ ಎಲ್ಲರೆದುರಿಗೆ, ಕಂಪನಿಯ ಲೆಟರ್‌ಹೆಡ್ಡಿನಲ್ಲಿ. ಬೆನ್ ಬಿಡುವವರಲ್ಲ. "ನಿಮ್ಮ ಶುಗರ್ ಎಷ್ಟಿದೆ ಶೇಠಜೀ? ಸೊಸೆಯ ಜೊತೆ ಮಾತುಕತೆ ಶುರುವಾಯಿತೇ?" ಎಂದು ತಿರುಗಿಸಿ ಕೇಳಿದರು. ನಾವೆಲ್ಲ ಉಸಿರು ಬಿಗಿಹಿಡಿದೆವು. ಶೇಠಜೀ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು, ಸಕ್ಕರೆ ಮತ್ತು ಸೊಸೆಯ ಕಥೆಯನ್ನು ಬುಡದಿಂದ ಹೇಳಿದರು. ಅವತ್ತು ಬಿಲ್ಲುಗಳು ಹೋಗಲೇ ಇಲ್ಲ.

ಹೆಣ್ಣುಮಕ್ಕಳಿಗೆ ಕೆಲಸದ ಜಾಗದಲ್ಲಿ ಕಿರುಕುಳವಾಗದಂತೆ 2013ರಲ್ಲಿ ಕಾನೂನು ಬಂತು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಒಂದು ಆಂತರಿಕ ಸಮಿತಿ ಇರಬೇಕು, ಹಿರಿಯ ಉದ್ಯೋಗಿ ಮಹಿಳೆಯೇ ಅಧ್ಯಕ್ಷೆಯಾಗಬೇಕು, ಹೊರಗಿನ ಸದಸ್ಯರೊಬ್ಬರು ಬೇಕು. ಆಡಿಟರ್ ಎಚ್ಚರಿಸಿದ ಮೇಲೆ ಶೇಠಜೀ ಒಂದೇ ಸಂಜೆಯಲ್ಲಿ ಸಮಿತಿ ಮಾಡಿದರು. ಅಧ್ಯಕ್ಷೆ ಶೇಠಾಣಿ, ಪಗಾರದ ಪಟ್ಟಿಯಲ್ಲಿ ಅವರ ಹೆಸರು ಮೊದಲಿನಿಂದಲೂ ಇದೆ, ಹಿರಿತನಕ್ಕೆ ಕೊರತೆಯಿಲ್ಲ. ಹೊರಗಿನ ಸದಸ್ಯೆ ಅವರ ನಾದಿನಿ. "ಮಣಿನಗರದಲ್ಲಿರುತ್ತಾಳೆ, ಹೊರಗಿನವಳೇ" ಎಂದರು. 1918ರಲ್ಲಿ ಇದೇ ಊರಿನ ಗಿರಣಿ ಕಾರ್ಮಿಕರು 35 ಪರ್ಸೆಂಟ್ ಹೆಚ್ಚಳ ಕೇಳಿ ಮುಷ್ಕರ ಹೂಡಿದಾಗ ಮಾಲೀಕರ ಕಡೆ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಕಡೆ ಗಾಂಧೀಜಿಯ ಜೊತೆ ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ ಬೆನ್ ನಿಂತಿದ್ದರು. ಅಂಥ ಅಕ್ಕಂದಿರು ಎಲ್ಲ ಶೇಠರಿಗೂ ಹುಟ್ಟುವುದಿಲ್ಲ.

2014ರ ದೀಪಾವಳಿಗೆ ಸೂರತ್ತಿನ ವಜ್ರ ವ್ಯಾಪಾರಿ ಸಾವ್ಜಿ ಧೋಲಕಿಯಾ ತಮ್ಮ ಕೆಲಸಗಾರರಿಗೆ ಕಾರು, ಫ್ಲ್ಯಾಟು, ಒಡವೆ ಕೊಟ್ಟ ಸುದ್ದಿ ದೇಶವೆಲ್ಲ ಓದಿತು. ನಾವು ಆ ಪತ್ರಿಕೆಯನ್ನು ಶೇಠಜೀಯ ಗಾದಿಯ ಮೇಲೆ, ಸುದ್ದಿ ಮೇಲೆ ಬರುವಂತೆ ಮಡಿಸಿಟ್ಟೆವು. ಪೂರ್ತಿ ಓದಿ ನಿಟ್ಟುಸಿರಿಟ್ಟರು. "ಪಾಪ, ಕಾರು ಸಿಕ್ಕವರ ಗತಿ ನೋಡಿ. ಪೆಟ್ರೋಲು ಯಾರು ಹಾಕಿಸುತ್ತಾರೆ?" ನಮಗೆ ಆ ವರ್ಷ ಸಿಕ್ಕಿದ್ದು ಸ್ಟೀಲಿನ ಟಿಫಿನ್ ಡಬ್ಬಿ. ಮುಚ್ಚಳ ಬಹಳ ಸಲೀಸಾಗಿ ತೆರೆಯುತ್ತಿತ್ತು.

ಜನವರಿ 14ರ ಉತ್ತರಾಯಣಕ್ಕೆ ಖಾಡಿಯಾದ ಪೋಳಿನ ಓಣಿಯಲ್ಲಿರುವ ಅವರ ಹಳೇ ಮನೆಯ ಮಾಳಿಗೆಗೆ ಪರಿವಾರವೆಲ್ಲ ಹಾಜರಾಗಬೇಕು. ಉಂಧಿಯು, ಜಿಲೇಬಿ, ಎಳ್ಳಿನ ಚಿಕ್ಕಿಗೆ ಕಡಿಮೆಯಿಲ್ಲ. ಗಾಳಿಪಟ ಹಾರಿಸುವುದು ಶೇಠಜೀ, ಹಿಂದೆ ನಿಂತು ದಾರದ ಫಿರ್ಕಿ ಹಿಡಿಯುವುದು ಮ್ಯಾನೇಜರ್. ಆ ಕೆಲಸಕ್ಕೆ ಆಫೀಸಿನಲ್ಲಿ ಎಂಥ ಪೈಪೋಟಿ ಎಂದರೆ, ಮ್ಯಾನೇಜರರಿಗೆ ಡಿಸೆಂಬರಿನಲ್ಲಿ ಕೆಮ್ಮು ಬಂದರೂ ನಾಲ್ಕು ಜನ ಆರೋಗ್ಯ ವಿಚಾರಿಸುತ್ತಾರೆ. ಶೇಠಜೀಯ ಪಟವನ್ನು ನಮ್ಮವರು ಯಾರೂ ಕತ್ತರಿಸುವುದಿಲ್ಲ. ಹೋದ ಸಲ ಗದಗಿನಿಂದ ಹೊಸದಾಗಿ ಬಂದ ಹುಡುಗ, ನನ್ನ ರೂಮಿನವನೇ, ಪಕ್ಕದ ಮಾಳಿಗೆಯ ಮಕ್ಕಳ ಜೊತೆ ಸೇರಿಕೊಂಡ. ಢೀಲು ಬಿಡುವುದು ಗೊತ್ತಿಲ್ಲ, ಗಾಬರಿಯಿಂದ ದಾರ ಎಳೆದ. ಎದುರಿಗಿದ್ದ ಕೆಂಪು ಪಟ ವಾಲಿ ಜಾರಿತು. "ಕಾಯ್‌ಪೋ ಛೇ, ಕತ್ತರಿಸಿದೆ!" ಎಂದು ಅರಚಿ ಕುಣಿದ ಮೇಲೆ ಅದು ಯಾರದೆಂದು ನೋಡಿದ.

ರಾತ್ರಿ ಹನ್ನೊಂದೂವರೆಗೆ ಹುಡುಗನಿಗೆ ಫೋನು ಬಂತು. ಸ್ಪೀಕರಿಗೆ ಹಾಕಿದ.

"ಮಾಂಜಾ ಎಲ್ಲಿಯದು?"

"ಪಕ್ಕದ ಮನೆಯವರದು, ಶೇಠಜೀ. ರಾಯಪುರದಿಂದ ತಂದಿದ್ದಂತೆ."

"ಸಾವಿರ ವಾರಿಗೆ ಎಷ್ಟು ಕೊಟ್ಟರಂತೆ?"

ಹುಡುಗ ಹೇಳಿದ. ಆ ಕಡೆಯಿಂದ ಲೊಚಗುಟ್ಟುವುದು ಕೇಳಿಸಿತು. "ಮೋಸ ಹೋಗಿದ್ದಾರೆ. ನಾಳೆ ವಾಸಿ ಉತ್ತರಾಯಣ, ಹಬ್ಬದ ಎರಡನೇ ದಿನ. ಏಳಕ್ಕೆ ಬಾ, ಫಿರ್ಕಿ ನೀನೇ ಹಿಡಿ. ತಡವಾದರೆ ಅರ್ಧ ದಿನದ ಪಗಾರ ಕಟ್."

ರಜಾ ದಿನಕ್ಕೆ ಅರ್ಧ ಪಗಾರ ಹೇಗೆ ಕಡಿಯುತ್ತಾರೆ ಎಂದು ಹುಡುಗ ನನ್ನನ್ನು ಕೇಳಿದ. ಕಡಿದರೆ ಎಲ್ಲಿ ಬರೆಯಬೇಕೆಂಬುದು ನನಗೆ ಗೊತ್ತಿತ್ತು. ಟ್ಯಾಲಿಯಲ್ಲಿ ಅದಕ್ಕೊಂದು ಲೆಡ್ಜರನ್ನು ಹಿಂದಿನ ವರ್ಷವೇ ನನ್ನಿಂದ ತೆರೆಸಿದ್ದರು.