ಅಣ್ಣಗ ಎರಡು, ತಂಗಿಗೆ ಒಂದೂವರಿ

ಧಾರವಾಡದ ಸಪ್ತಾಪುರದಲ್ಲಿ ಯಾರೂ ಯಾರ ವಯಸ್ಸನ್ನೂ ಕೇಳುವುದಿಲ್ಲ. ‘ಪ್ರಿಲಿಮ್ಸ್ ಆತೇನೋ?’ ಎನ್ನುತ್ತಾರೆ, ‘ಮೇನ್ಸ್ ಬರದೀಯೇನು?’ ಎನ್ನುತ್ತಾರೆ, ಸಂದರ್ಶನದ ತನಕ ಹೋಗಿ ಬಂದವನಿಗೆ ಚಹಾ ಹೇಳುತ್ತಾರೆ. ಬಾವಿಯ ಹೆಸರು ಹೊತ್ತ ಸ್ಟಾಪಿನಲ್ಲಿ ಇಳಿದು ಯಾವ ಓಣಿ ಹೊಕ್ಕರೂ ಕೋಚಿಂಗ್ ಕ್ಲಾಸಿನ ಬೋರ್ಡು, ಬೋರ್ಡಿನ ತುಂಬ ಪಾಸಾದವರ ಮುಖ, ಅದರ ಕೆಳಗೆ ಝೆರಾಕ್ಸ್ ಅಂಗಡಿ, ಬಾಜೂಕ ಖಾನಾವಳಿ. ಇಲ್ಲಿ ಮನುಷ್ಯನೆಂದರೆ ಒಂದು ಮೆಟ್ಟಿಲು, ಜೀವನವೆಂದರೆ ಅದರ ಮೇಲಿನ ಮೆಟ್ಟಿಲು. ಇಂಥ ಹವೆಯಲ್ಲಿ ಸಂಸಾರ ಹೂಡಿದ ಗೃಹಸ್ಥನಿಗೆ ಮನೆಯ ಎರಡು ಸಣ್ಣ ಮಕ್ಕಳೂ ಇಬ್ಬರು ಅಭ್ಯರ್ಥಿಗಳಂತೆ ಕಂಡರೆ ತಪ್ಪು ಪೂರ್ತಿ ಅವನದಲ್ಲ. ದೊಡ್ಡವನಿಗೆ ಏಳು, ಸಣ್ಣಾಕಿಗೆ ಐದು. ಅವರು ಏನು ತಿಂದರು, ಎಲ್ಲಿ ಬಿದ್ದರು ಎಂಬುದು ಹೆಂಡತಿಯ ಖಾತೆ; ಯಾವ ಲೆವೆಲ್ಲಿನಲ್ಲಿದ್ದಾರೆ ಎಂಬುದು ಇವನ ಖಾತೆ. ಹೀಗಾಗಿ ಇವನನ್ನು ಲೆವೆಲ್ ಪಾಲಕ ಎನ್ನೋಣ. ಪಾಲಕ ಎಂದರೆ ಗಂಡಸೇ ಆಗಬೇಕೆಂದಿಲ್ಲ. ಖಾತೆ ಅದಲುಬದಲಾದ ಮನೆಗಳೂ ಸಾಕಷ್ಟಿವೆ, ಅಲ್ಲಿ ಕೋಷ್ಟಕ ಇನ್ನಷ್ಟು ನೀಟಾಗಿರುತ್ತದೆ.

ಈ ತಳಿಯ ಹುಟ್ಟಿದ ದಿನಾಂಕವನ್ನು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ಹತ್ತೊಂಬತ್ತು ತಿಂಗಳು ಅಡುಗೆಮನೆಯ ಪಕ್ಕದ ಕೋಣೆಯೇ ಶಾಲೆಯಾಗಿತ್ತು. ಶಾಲೆ ತೆರೆದ ಮೇಲೆ ಬಹುಪಾಲು ತಂದೆತಾಯಿ ಮಕ್ಕಳನ್ನು ರಿಕ್ಷಾ ಹತ್ತಿಸಿ ನಿಟ್ಟುಸಿರು ಬಿಟ್ಟರು. ಕೆಲವರಿಗೆ ಮಾತ್ರ ಕೈಯಲ್ಲಿದ್ದ ಚಾಕ್‌ಪೀಸು ಕೆಳಗಿಡಲು ಮನಸ್ಸಾಗಲಿಲ್ಲ. ಪೂರ್ತಿ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವವರು ಧಾರವಾಡದಂಥ ಊರಿನಲ್ಲಿ ವಿರಳ. ಹಗಲು ಶಾಲೆ, ಸಂಜೆ ಆರರಿಂದ ಎಂಟು ಸ್ವಂತ ಪಠ್ಯಕ್ರಮ ಎನ್ನುವ ಅರೆಹೊಟ್ಟೆಯ ಹೋಮ್‌ಸ್ಕೂಲ್ ಮಾತ್ರ ಓಣಿಗೊಂದು ಸಿಗುತ್ತದೆ. ಎರಡರಲ್ಲೂ ಪಾಲಕನ ಮೊದಲ ಸಂಕಟ ಒಂದೇ: ಯಾವ ಲೆವೆಲ್ ತರಿಸುವುದು? ಸಿಂಗಾಪುರದ ಗಣಿತದಲ್ಲಿ ಒಂದು-ಎ, ಒಂದು-ಬಿ ಎಂದಿರುತ್ತದೆ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಎ ಎಂದರೆ ಮೂರನೇ ತರಗತಿ, ಬಿ ಎಂದರೆ ಐದು, ಸಿ ಎಂದರೆ ಎಂಟು. ಅಮೆರಿಕದಿಂದ ತರಿಸುವ ಪಠ್ಯದ ಪೆಟ್ಟಿಗೆಯಲ್ಲಿ ಒಂದರ ಮೊದಲು ‘ಕೆ’ ಇರುತ್ತದೆ. ಮುಂಬಯಿ ಪ್ರಾಂತದ ಕಾಲದ ಅಜ್ಜನಿಗೆ ಒಂದನೇತ್ತೆಯ ಮೊದಲಿದ್ದದ್ದು ಬಿಗರಿ. ಇಷ್ಟನ್ನೂ ಒಂದೇ ಹಾಳೆಯಲ್ಲಿ ಅಡ್ಡಗೆರೆ ಉದ್ದಗೆರೆ ಹಾಕಿ ಹೊಂದಿಸಿ, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದಾಗ ಅವನಿಗಾಗುವ ಸುಖ ಕೆಎಎಸ್ ಪಾಸಾದವರಿಗೂ ಆಗಿರಲಿಕ್ಕಿಲ್ಲ.

ನನ್ನ ತಕರಾರು ಅವನ ಶ್ರದ್ಧೆಯ ಬಗ್ಗೆ ಅಲ್ಲ, ಅವನ ವ್ಯಾಕರಣದ ಬಗ್ಗೆ. ‘ಇಂವ ಎರಡನೇ ಲೆವೆಲ್’ ಎಂದು ಅವನು ಹೇಳುವಾಗ ಲೆವೆಲ್ಲನ್ನು ಮಗುವಿಗೆ ಅಂಟಿಸುತ್ತಾನೆ, ಅಂಗಿಯ ಅಳತೆಯನ್ನು ಕಾಲರಿಗೆ ಅಂಟಿಸಿದ ಹಾಗೆ. ಆದರೆ ಲೆವೆಲ್ ಎಂಬುದು ಮಗುವಿನ ಗುಣವೇ ಅಲ್ಲ. ಒಂದು ಮಗು ಒಂದು ವಿಷಯದಲ್ಲಿ ಈ ತಿಂಗಳು ಎಲ್ಲಿ ನಿಂತಿದೆ ಎಂಬ ತಾತ್ಪೂರ್ತಿಕ ಸುದ್ದಿ, ಅಷ್ಟೇ. ಏಳರ ಹುಡುಗ ಕೂಡಿಸಿ ಕಳೆಯುವುದರಲ್ಲಿ ಮೂರನೇತ್ತೆಯವರನ್ನು ಮೀರಿಸಿ, ಒತ್ತಕ್ಷರ ಬಂದಲ್ಲಿ ಬಿಗರಿಗೆ ಜಾರಬಹುದು. ಐದರ ಹುಡುಗಿ ಅಣ್ಣನ ಪುಸ್ತಕವನ್ನು ತಲೆಕೆಳಗೆ ಹಿಡಿದೇ ಓದಿಬಿಡಬಹುದು. ಎದುರು ಕುಳಿತು ಕಲಿತದ್ದಲ್ಲವೇ, ಅವಳಿಗೆ ಅಕ್ಷರಗಳು ಹಾಗೆಯೇ ಪರಿಚಯ. ಪಾಲಕ ದೊಡ್ಡವನನ್ನು ನಿಲ್ಲಿಸಿ ‘ಒಂಬತ್ತೆರಡಲೆ?’ ಎಂದು ಕೇಳಿದರೆ ಉತ್ತರ ಬರುವುದು ಅಡುಗೆಮನೆಯಿಂದ: ‘ಹದಿನೆಂಟ, ಪಪ್ಪಾ!’ ಕೋಷ್ಟಕದ ಪ್ರಕಾರ ಆಕೆ ಈಗ ಆಕಾರಗಳಿಗೆ ಬಣ್ಣ ತುಂಬುತ್ತಿರಬೇಕು. ಆಗ ಪಾಲಕನ ಮುಖದಲ್ಲಿ ಮಗಳು ಜಾಣೆ ಎಂಬ ಹಿಗ್ಗಿಗಿಂತ ಮೊದಲು ಕಾಣುವುದು ಪಟ್ಟಿಯ ಶಿಸ್ತು ತಪ್ಪಿತಲ್ಲ ಎಂಬ ಕಳವಳ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಬಾರದೆಂಬುದಕ್ಕೆ ಕನ್ನಡವೇ ಒಳ್ಳೆಯ ಸಾಕ್ಷಿ. ಇಂಗ್ಲಿಷಿನ ಓದಿನ ಮೆಟ್ಟಿಲುಗಳನ್ನು ಕಟ್ಟಿದವರ ಮುಂದಿದ್ದದ್ದು ಇಪ್ಪತ್ತಾರು ಅಕ್ಷರ, ಮತ್ತು ಅವುಗಳ ಕಾಗುಣಿತದ ಹುಚ್ಚಾಟ. ನಮ್ಮ ಮಕ್ಕಳ ಮುಂದಿರುವುದು ನಲವತ್ತೊಂಬತ್ತು ಮೂಲಾಕ್ಷರ. ಮೂವತ್ತನಾಲ್ಕು ವ್ಯಂಜನಗಳಿಗೆ ಬಳ್ಳಿ ಹಬ್ಬಿಸಿದರೆ ಆಕಾರಗಳು ನಾನೂರು ದಾಟುತ್ತವೆ, ಒತ್ತಕ್ಷರದ ಲೆಕ್ಕ ಆಮೇಲಿನದು. ಕನ್ನಡ ಮಕ್ಕಳ ಆರಂಭದ ಓದನ್ನು ಅಧ್ಯಯನ ಮಾಡಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನ ತೋರಿಸಿದ್ದು ಇದನ್ನೇ: ಅಕ್ಷರಗಳ ಮೇಲೆ ಹಿಡಿತ ಬರುವ ಕೆಲಸ ಒಂದನೆಯ ತರಗತಿಯಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕರವರೆಗೂ ನಡೆದೇ ಇರುತ್ತದೆ. ಅಂದಮೇಲೆ ಇಂಗ್ಲಿಷಿನಲ್ಲಿ ‘ಎರಡು’ ಆದ ಹುಡುಗ ಕನ್ನಡದಲ್ಲಿ ‘ಒಂದು’ ಆಗಿದ್ದರೆ ಅವನು ಹಿಂದೆ ಬಿದ್ದಿಲ್ಲ, ಹೆಚ್ಚು ಉದ್ದದ ರಸ್ತೆಯಲ್ಲಿದ್ದಾನೆ. ಬೆಳಗಾವಿಗೆ ಹೊರಟ ಬಸ್ಸು ಹುಬ್ಬಳ್ಳಿ ಬಸ್ಸಿಗಿಂತ ತಡವಾಗಿ ಮುಟ್ಟಿತೆಂದು ಡ್ರೈವರನಿಗೆ ಯಾರೂ ಟ್ಯೂಶನ್ ಹಚ್ಚುವುದಿಲ್ಲ.

ಇಲ್ಲಿ ಪಾಲಕ ಕನ್ನಡಕ ಸರಿಮಾಡಿಕೊಂಡು ಮೊದಲ ಆಕ್ಷೇಪ ಎತ್ತುತ್ತಾನೆ: ‘ಹಂಗಾರ ಅಳೀಬಾರದೇನ್ರಿ? ಅಳೀಲಾರದ ಕಲಿಸೂದು ಅಂದ್ರ ಕಣ್ಣು ಕಟ್ಟಿ ಗಾಡಿ ಹೊಡದಂಗ.’ ಆಕ್ಷೇಪ ನ್ಯಾಯವಾದದ್ದು. ಅಳೆಯಲೇಬೇಕು, ಅಳತೆಗೋಲು ಯಾವುದು ಎಂಬುದಷ್ಟೇ ಪ್ರಶ್ನೆ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯಲ್ಲಿ ಹಳ್ಳಿಯ ಮನೆಮನೆಗೆ ಹೋಗಿ ಐದರಿಂದ ಹದಿನಾರು ವರ್ಷದ ಮಕ್ಕಳ ಕೈಗೆಲ್ಲ ಒಂದೇ ಹಾಳೆ ಕೊಡುತ್ತಾರೆ. ಅದರಲ್ಲಿ ಇರುವುದು ಅಕ್ಷರ, ಪದ, ಒಂದನೆಯ ತರಗತಿಯ ಒಂದು ಪುಟ್ಟ ಪ್ಯಾರಾ, ಎರಡನೆಯ ತರಗತಿಯ ಒಂದು ಕಥೆ. ಯಾವುದು ಸಲೀಸೋ ಅದು ಆ ಮಗುವಿನ ಓದಿನ ಜಾಗ. ಲೆಕ್ಕಕ್ಕೆ ಬೇರೆ ಹಾಳೆ. ಕೆಲವೇ ನಿಮಿಷಗಳ ಕೆಲಸ. ಅದೇ ಸಂಸ್ಥೆ ದಿನದ ಸ್ವಲ್ಪ ಹೊತ್ತು ತರಗತಿಯ ಗೋಡೆ ಮರೆತು, ಓದಿನ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ ಕಲಿಸಿತು. ಅದರಿಂದ ಕಲಿಕೆ ಏರಿತೆಂದು ಪ್ರಯೋಗ ಮಾಡಿ ತೋರಿಸಿದವರಲ್ಲಿ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದಾರೆ. ಹಾಗಾದರೆ ಲೆವೆಲ್ ಪಾಲಕನೇ ಗೆದ್ದನಲ್ಲ ಎನ್ನಬಹುದು. ಗೆದ್ದದ್ದು ಅಳತೆ, ಅವನಲ್ಲ. ಅಸರ್ ಹಾಳೆ ಹಿಡಿದವನು ಮಗು ಎಲ್ಲಿ ಎಡವುತ್ತದೆಂದು ಹುಡುಕುತ್ತಾನೆ. ನಮ್ಮವನು ಎಲ್ಲಿ ಮಿಂಚುತ್ತದೆಂದು ಹುಡುಕಿ, ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಪೆಟ್ಟಿಗೆಗೆ ಆರ್ಡರ್ ಹಾಕುತ್ತಾನೆ.

ಆ ಅರ್ಧ ಮೆಟ್ಟಿಲೇ ಇವನ ಸ್ವಭಾವದ ಸಾರ. ಅಂಗಿ ಹೊಲಿಸುವಾಗ ‘ಬೆಳಿಯೂ ಹುಡುಗ, ಸ್ವಲ್ಪ ದೊಡ್ಡದ ಇರಲಿ’ ಎಂದು ಹೇಳಿದ ನಾಲಿಗೆ ಪಠ್ಯಕ್ರಮಕ್ಕೂ ಅದನ್ನೇ ಹೇಳುತ್ತದೆ. ಅಂಗಿಯ ತೋಳು ಮಡಚಬಹುದು. ಅರ್ಥವಾಗದ ಭಾಗಾಕಾರವನ್ನು ಎಲ್ಲಿಂದ ಮಡಚುವುದು? ವರ್ಕ್‌ಶೀಟ್ ಪಂಥದ ಮೂಲಪುರುಷನೇ ಇವನ ವಿರುದ್ಧ ಸಾಕ್ಷಿ ಹೇಳುತ್ತಾನೆ. 1954ರಲ್ಲಿ ಜಪಾನಿನ ಒಸಾಕಾದಲ್ಲಿ ಹೈಸ್ಕೂಲ್ ಗಣಿತ ಮಾಸ್ತರರಾಗಿದ್ದ ಟೋರು ಕುಮೋನ್, ಎರಡನೆಯ ತರಗತಿಯ ಮಗನಿಗಾಗಿ ತಾವೇ ಹಾಳೆ ಬರೆದು ಶುರುಮಾಡಿದ ಪದ್ಧತಿ ಈಗ ಜಗತ್ತೆಲ್ಲ ಹಬ್ಬಿದೆ. ಅದರ ಮೊದಲ ನೇಮವೇನೆಂದರೆ, ಮಗು ಸಲೀಸಾಗಿ ಮಾಡಬಲ್ಲ ಕಡೆಯಿಂದ, ಬೇಕಾದರೆ ತರಗತಿಗಿಂತ ಕೆಳಗಿನಿಂದ, ಶುರುಮಾಡಬೇಕು. ಸಪ್ತಾಪುರದಲ್ಲಿ ಹಾಳೆಗಳು ಬಂದವು, ನೇಮ ದಾರಿಯಲ್ಲೆಲ್ಲೋ ಇಳಿದುಹೋಯಿತು. ಕೆಳಗಿನ ಲೆವೆಲ್ ತಂದು ಮಗು ಎರಡು ತಿಂಗಳಲ್ಲಿ ಮುಗಿಸಿದರೆ ನಷ್ಟ ಒಂದು ಪುಸ್ತಕದ ದುಡ್ಡು. ಮೇಲಿನದನ್ನು ತಂದು ಮಗು ಕಪಾಟಿನ ಹಿಂದೆ ಅಡಗಿ ಕೂತರೆ ಆ ನಷ್ಟ ಯಾವ ಝೆರಾಕ್ಸ್ ಅಂಗಡಿಯಲ್ಲೂ ತುಂಬಿಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮ, ಅದನ್ನು ಎತ್ತುವವರು ಸಾಮಾನ್ಯವಾಗಿ ಅಜ್ಜಿ. ಓದಿನಲ್ಲಿ ತಂಗಿಯನ್ನು ಅಣ್ಣನ ಮುಂದೆ ಕೂಡಿಸಿದರೆ ‘ದೊಡ್ಡಾಂವನ ಮನಸು ಮುರೀತದ.’ ಮುರಿಯುವುದು ನಿಜ. ಮನೆಯಲ್ಲಿ ಲೆವೆಲ್‌ಗೆ ಅಂಕಿ ಇದ್ದರೆ ಮಾತ್ರ. 1995ರಲ್ಲಿ ಎಚ್.ಡಿ. ಕೋಟೆಯ ಸರಕಾರಿ ಶಾಲೆಯ ಮಾಸ್ತರರು ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ-ಕಲಿಗೆ ಎದುರಾದದ್ದೂ ಇದೇ ಸಮಸ್ಯೆ: ಒಂದು ಕೋಣೆ, ಒಬ್ಬ ಮಾಸ್ತರ, ಒಂದರಿಂದ ಮೂರನೇತ್ತೆಯ ಮಕ್ಕಳು ಒಟ್ಟಿಗೆ. ಅವರು ಪುಸ್ತಕವನ್ನು ಒಡೆದು ಕಾರ್ಡು ಮಾಡಿದರು, ಕಾರ್ಡಿಗೆ ಚಿತ್ರ ಹಾಕಿದರು, ಗೋಡೆಗೆ ಕಲಿಕೆಯ ಏಣಿ ಹಚ್ಚಿದರು. ಪ್ರತಿ ಮಗು ತನ್ನ ಮೆಟ್ಟಿಲು ತಾನೇ ಹುಡುಕಿಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ; ಮುಂದಿನ ಮೆಟ್ಟಿಲಿನವನು ಹಿಂದಿನವನಿಗೆ ಹೇಳಿಕೊಡುವುದೂ ಪಾಠದ ಭಾಗವೇ. ಹಾಗೆ ಅಕ್ಕತಂಗಿ, ಅಣ್ಣತಮ್ಮ ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೆಟ್ಟಿಲಲ್ಲಿದ್ದರೂ ಅದು ಸುದ್ದಿಯಾಗುವುದಿಲ್ಲ. ಈ ಪದ್ಧತಿಗೂ ಟೀಕಾಕಾರರಿದ್ದಾರೆ, ಕಾರ್ಡು ಎಣಿಸುವುದೇ ಮಾಸ್ತರರ ಕೆಲಸವಾಯಿತು ಎಂಬ ಗೊಣಗಾಟವೂ ಇದೆ. ಆದರೆ ಇಬ್ಬರೇ ಮಕ್ಕಳಿರುವ ಮನೆಯಲ್ಲಿ ಕಾರ್ಡು ಎಣಿಸುವುದು ಅಂಥ ಭಾರವಲ್ಲ. ಹತ್ತು ಕಿಲೋಮೀಟರು ದಾಟಿದರೆ ಸಿಗುವ ಸರಕಾರಿ ಶಾಲೆಯ ಗೋಡೆಯ ಮೇಲಿರುವ ಉಪಾಯಕ್ಕಾಗಿ ಇವನು ಏಳು ಸಮುದ್ರದಾಚೆಯ ಪೆಟ್ಟಿಗೆಗೆ ಕಸ್ಟಮ್ಸ್ ಸುಂಕ ಕಟ್ಟುತ್ತಾನೆಂಬುದೇ ಈ ಚಿತ್ರದ ತಮಾಷೆಯ ಮೂಲೆ.

‘ಇಬ್ಬರಿಗೂ ಬ್ಯಾರೆ ಬ್ಯಾರೆ ಅಂದ್ರ ಆಫೀಸ್ ಬಿಟ್ಟು ಕೂಡಬೇಕಾಗ್ತದ’ ಎನ್ನುವುದು ಇನ್ನೊಂದು ಗೋಳು. ಬೇರೆ ಬೇರೆ ಆಗಬೇಕಾದದ್ದು ಎರಡೇ: ಓದು-ಬರಹ, ಲೆಕ್ಕ. ಅವು ಮಾತ್ರ ಮೆಟ್ಟಿಲಿನ ವಿಷಯಗಳು; ಕಳೆಯುವುದು ಬಾರದೆ ಭಾಗಿಸುವುದು ಬಾರದು. ಉಳಿದದ್ದಕ್ಕೆಲ್ಲ ಮೆಟ್ಟಿಲೇ ಇಲ್ಲ. ಕೆಲಗೇರಿ ಕೆರೆಯ ದಂಡೆಯ ಹಕ್ಕಿಗೆ ಲೆವೆಲ್ ಇಲ್ಲ: ಐದರವಳು ಅದರ ಕೊಕ್ಕಿನ ಬಣ್ಣ ಹೇಳುತ್ತಾಳೆ, ಏಳರವನು ಮನೆಗೆ ಬಂದು ನಾಲ್ಕು ಸಾಲು ಬರೆಯುತ್ತಾನೆ. ಕಿತ್ತೂರಿನ ಕಥೆ ಒಂದೇ ಸಲ ಹೇಳಿದರೆ ಸಾಕು. ಒಬ್ಬಾಕಿ ಕುದುರೆ ಬಿಡಿಸುತ್ತಾಳೆ, ಇನ್ನೊಬ್ಬ ‘1824 ಅಂದ್ರ ಈಗ ಎಷ್ಟ ವರ್ಷ ಆತು’ ಎಂದು ಕಳೆಯುತ್ತಾನೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಮೂರು ಸಂಪುಟದ ‘ಬಾಲಪ್ರಪಂಚ’ ಹೊರತಂದಾಗ ಅವುಗಳನ್ನು ಭಾಗ ಮಾಡಿದ್ದು ವಿಷಯಗಳ ಪ್ರಕಾರ, ವಯಸ್ಸಿನ ಪ್ರಕಾರ ಅಲ್ಲ. ಆದರೆ ಪಾಲಕನ ಪಟ್ಟಿಯಲ್ಲಿ ಹಕ್ಕಿ ನೋಡುವುದಕ್ಕೂ ಎರಡು ಪ್ರತ್ಯೇಕ ವೇಳೆ ಇರುತ್ತದೆ: ಸಣ್ಣಾಕಿಗೆ ಪ್ರಾಥಮಿಕ ಹಕ್ಕಿ, ದೊಡ್ಡಾವಗೆ ಮಾಧ್ಯಮಿಕ ಹಕ್ಕಿ. ಹಕ್ಕಿಗೆ ವೇಳಾಪಟ್ಟಿ ತಲುಪಿರುವುದಿಲ್ಲ.

ಅವನ ಕೊನೆಯ ಅಸ್ತ್ರ ಭವಿಷ್ಯ. ನಾಳೆ ದೊಡ್ಡ ಶಾಲೆಗೆ ಸೇರಿಸುವಾಗ ಈ ಲೆವೆಲ್ಲೇ ಕೈ ಹಿಡಿಯುತ್ತದಲ್ಲ? ಪಾಪ, ಶಾಲೆಯ ಗೇಟಿನಲ್ಲಿ ಯಾರೂ ಲೆವೆಲ್ ಕೇಳುವುದಿಲ್ಲ, ಜನ್ಮದಾಖಲೆ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಹೇಳುವುದೂ ಅದನ್ನೇ: ಆರು ದಾಟಿಯೂ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದಿದ್ದರೆ ವಿಶೇಷ ತರಬೇತಿ ಕೊಡಬೇಕು. ಒಂದನೆಯ ತರಗತಿಗೆ ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರಕಾರ 2022ರಲ್ಲಿ ಆದೇಶ ಹೊರಡಿಸಿತು. ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕೆಂದು ಒಂದು ವರ್ಷದ ಮಟ್ಟಿಗೆ ಸಡಿಲ ಬಿಟ್ಟಿತು. ಅಷ್ಟು ದಿನ ಸಪ್ತಾಪುರದ ಪಾಲಕರು ಕ್ಯಾಲೆಂಡರ್ ಹಿಡಿದು ಮಕ್ಕಳ ತಿಂಗಳುಗಳನ್ನು ಬಡ್ಡಿ ಲೆಕ್ಕ ಹಾಕಿದಂತೆ ಹಾಕಿದರು. ಅತ್ತ ಫಿನ್ಲೆಂಡಿನಲ್ಲಿ ಮಕ್ಕಳು ಒಂದನೆಯ ತರಗತಿ ಹತ್ತುವುದೇ ಏಳು ತುಂಬುವ ವರ್ಷ, ಆ ದೇಶ ಇನ್ನೂ ಓದುಬರಹ ಮರೆತಿಲ್ಲ. ಸರಕಾರದ ವಯಸ್ಸಿನ ಗೆರೆಯೂ ಮೊಂಡೇ. ಜೂನ್ ಎರಡಕ್ಕೆ ಹುಟ್ಟಿದ್ದರಿಂದ ಯಾವ ಮಗುವಿನ ಬುದ್ಧಿಯೂ ಒಂದು ವರ್ಷ ಹಿಂದೆ ಸರಿಯುವುದಿಲ್ಲ. ಆದರೆ ಲಕ್ಷಾಂತರ ಮಕ್ಕಳ ಸರತಿ ನಿಲ್ಲಿಸಬೇಕಾದವರಿಗೆ ಮೊಂಡು ಗೆರೆ ಅನಿವಾರ್ಯ. ಇಬ್ಬರೇ ಇರುವ ಮನೆಯಲ್ಲಿ ಸರತಿಯೇ ಇಲ್ಲ, ಗೆರೆ ಮಾತ್ರ ಯಾಕೆ ಎಳೆಯಬೇಕು?

ಎಳೆಯುವುದಕ್ಕೆ ನಿಜವಾದ ಕಾರಣ ಬೆಳಗಿನ ವಾಕಿಂಗಿನಲ್ಲಿದೆ. ಅಲ್ಲಿ ಎದುರಾಗುವವರು ಕ್ಷೇಮಸಮಾಚಾರ ಮುಗಿಸಿದ ಮರುಗಳಿಗೆ ಕೇಳುತ್ತಾರೆ: ‘ನಿಮ್ಮ ಸಣ್ಣಾಕಿ ಈಗ ಯಾವ ಲೆವೆಲ್ಲರೀ?’ ಈ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಬೇಕು, ಅದು ಕೇಳಿದವರ ಮಗುವಿನ ಅಂಕಿಗಿಂತ ಒಂದು ಹೆಚ್ಚಿರಬೇಕು. ಪೆಟ್ಟಿಗೆ ಬರುವುದು ಮಗುವಿಗಾಗಿ ಅಲ್ಲ, ಈ ಉತ್ತರಕ್ಕಾಗಿ. ಪರೀಕ್ಷೆಗೆ ಕೂತ ಮೂರನೆಯ ಅಭ್ಯರ್ಥಿ ಅಪ್ಪನೇ. ಪ್ರಾಮಾಣಿಕ ಉತ್ತರವೂ ಇಲ್ಲವೆಂದಲ್ಲ: ‘ಓದೂದರಾಗ ಎರಡನೇತ್ತೆ, ಲೆಕ್ಕದಾಗ ಒಂದನೇತ್ತೆ, ಕನ್ನಡ ಒತ್ತಕ್ಷರ ಈಗ ಶುರು ಆಗ್ಯಾವ, ಹಾಡೂದು ಛಲೋ, ಚಪ್ಪಲಿ ಎಡಾ-ಬಲಾ ಹಾಕ್ಕೊಳ್ಳೂದರಾಗ ಇನ್ನೂ ಬಿಗರಿ.’ ಇಷ್ಟು ಹೇಳಿ ಮುಗಿಸುವುದರೊಳಗೆ ಕೇಳಿದವರು ಹಾಲಿನ ಪಾಕೀಟು ತಗೊಂಡು ಮನೆ ಮುಟ್ಟಿರುತ್ತಾರೆ.